ರಾಜಾಜಿನಗರದಲ್ಲಿದ್ದ ಸಮುದ್ರದ ಮನೆ

ಮೊಣಕಾಲು ನೋವಿಗೆ ಫಿಸಿಯೋಥೆರಪಿ ಮಾಡಿಸಿಕೊಳ್ಳಿ ಎಂದು ಡಾಕ್ಟರು ಚೀಟಿ ಬರೆದುಕೊಟ್ಟಾಗ ನಾನು ವಿಳಾಸವನ್ನು ಸರಿಯಾಗಿ ನೋಡಲಿಲ್ಲ. ರಾಜಾಜಿನಗರ, ನಾಲ್ಕನೇ ಮಹಡಿ ಎಂಬುದಷ್ಟೇ ತಲೆಯಲ್ಲಿತ್ತು. ಲಿಫ್ಟಿನ ಬಾಗಿಲು ತೆರೆದು, ಎದುರಿಗೆ ಆ ದಪ್ಪ ದುಂಡು ಕಂಬ ಕಂಡಾಗ ಜಾಗದ ಗುರುತು ಸಿಕ್ಕಿತು. ಬಣ್ಣ ಬದಲಾಗಿತ್ತು, ಒಳಗಿನ ಗೋಡೆಗಳೆಲ್ಲ ಮಾಯವಾಗಿದ್ದವು, ಆದರೆ ಕಂಬ ಅದೇ. ವಾಪಸ್ಸು ಹೋಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಅಲ್ಲಿಯವರು ಹೆಸರು ಕೂಗಿ, ಮಂಚದ ಮೇಲೆ ಮಲಗಿಸಿ, ಮೊಣಕಾಲಿಗೆ ಕರೆಂಟಿನ ಪಟ್ಟಿ ಕಟ್ಟಿಯೇಬಿಟ್ಟರು.

ಸ್ವಲ್ಪ ಹೊತ್ತಿಗೆ, ಮೂಲೆಯಲ್ಲಿ ಕಾಫಿಗೆ ಹಾಲಿಟ್ಟಿದ್ದ ಹುಡುಗಿ "ಅಯ್ಯೋ, ಉಕ್ಕೋಯ್ತು!" ಎಂದಳು. ಸೀದ ಹಾಲಿನ ವಾಸನೆ ಮೂಗಿಗೆ ಬಡಿಯಿತು. ನಾನು ಪಟ್ಟಿ ಕಿತ್ತು ಎದ್ದು ಕೂತೆ.

"ಏನಾಯ್ತು ಆಂಟಿ, ಕರೆಂಟ್ ಜಾಸ್ತಿ ಆಯ್ತಾ?"

"ಇಲ್ಲಮ್ಮ. ನೀನು ಮೊದಲು ಆ ಹಾಲು ಒರೆಸು" ಎಂದೆ. ಆ ಹುಡುಗಿ ನನ್ನನ್ನು ಅರೆಮರುಳಿ ಎಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ.

ಕೆಲವು ವರ್ಷಗಳ ಹಿಂದೆ ಒಂದು ಮಳೆಗಾಲವಿಡೀ ನಾನು ಇದೇ ಮಹಡಿಯಲ್ಲಿ ಸಮುದ್ರ ಮಾರುತ್ತಿದ್ದೆ. ತಮಾಷೆಗೆ ಹೇಳುತ್ತಿಲ್ಲ. ಮಂಗಳೂರಿನ ಕಡಲ ದಂಡೆಯಲ್ಲಿ ಒಂದು ಕಂಪನಿ ಟವರ್ ಎಬ್ಬಿಸುತ್ತಿತ್ತು. ಪ್ರತಿ ಮನೆಯ ಬಾಲ್ಕನಿಯೂ ನೀರಿಗೆ ಮುಖ. ಕೊಳ್ಳುವವರು ಮಾತ್ರ ಹೆಚ್ಚಾಗಿ ನಮ್ಮ ಕಡೆಯವರು, ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದವರು. ಅವರನ್ನೆಲ್ಲ ಘಾಟಿ ಇಳಿಸಿ ಕರೆದೊಯ್ಯುವುದಕ್ಕಿಂತ ಮನೆಯನ್ನೇ ಇಲ್ಲಿಗೆ ತರೋಣ ಎಂದು ಕಂಪನಿಯವರು ಈ ಮಹಡಿಯಲ್ಲಿ ಅಳತೆಗೆ ಅಳತೆ ಒಂದು ಸ್ಯಾಂಪಲ್ ಫ್ಲಾಟ್ ಕಟ್ಟಿಸಿದ್ದರು. ಅದನ್ನು ತೋರಿಸಿ, ಮಾತಾಡಿ, ಜನರನ್ನು ಒಪ್ಪಿಸುವುದು ನನ್ನ ಕೆಲಸ. ಮಾತು ನನಗೆ ಹುಟ್ಟಿನಿಂದ ಬಂದದ್ದು, ಅದಕ್ಕೇ ಸಂಬಳವನ್ನೂ ಕೊಡುತ್ತಾರೆಂದರೆ ಯಾರು ಬೇಡ ಎನ್ನುತ್ತಾರೆ?

ಸ್ಯಾಂಪಲ್ ಫ್ಲಾಟಿನ ಗುಟ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ. ಗೋಡೆಯೆಲ್ಲ ಪ್ಲೈವುಡ್. ನಲ್ಲಿ ಥಳಥಳ ಹೊಳೆಯುತ್ತದೆ, ಒಳಗೆ ನೀರಿಲ್ಲ. ಫ್ರಿಜ್ಜು ಬರೀ ಹೊಟ್ಟೆ. ಕಪಾಟಿನ ಪುಸ್ತಕಗಳಿಗೆ ರಟ್ಟು ಮಾತ್ರ, ಹಾಳೆ ಇಲ್ಲ. ಕೋಣೆಗಳಿಗೆ ಬಾಗಿಲೇ ಇಡುವುದಿಲ್ಲ, ಮನೆ ವಿಶಾಲವಾಗಿ ಕಾಣಲಿ ಎಂದು. ಎಲ್ಲಕ್ಕಿಂತ ದೊಡ್ಡ ಕಳ್ಳಾಟ ಮಂಚದ್ದು. ಕೋಣೆ ದೊಡ್ಡದೆನ್ನಿಸಲು ಮಂಚವನ್ನು ಗಿಡ್ಡ ಮಾಡಿಸಿರುತ್ತಾರೆ. ನೋಡುವವರಿಗೆ ತಿಳಿಯುವುದಿಲ್ಲ, ಮಲಗಿದರೆ ಕಾಲು ಆಚೆ ಬರುತ್ತದೆ. ಸ್ಯಾಂಪಲ್ ಫ್ಲಾಟಿನಲ್ಲಿ ಯಾರು ಮಲಗುತ್ತಾರೆ ಹೇಳಿ?

ಬಾಲ್ಕನಿಯ ಆಚೆ ಗೋಡೆಯುದ್ದ ದೊಡ್ಡ ಪರದೆ. ಅಲ್ಲಿ ಸಮುದ್ರ ಓಡುತ್ತಿತ್ತು. ಸ್ಪೀಕರಿನಲ್ಲಿ ಅಲೆಯ ಸದ್ದು, ಪರದೆಯ ಹಿಂದೆ ಫ್ಯಾನು. ಅದೇ ವಿಡಿಯೋ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ನಡುವೆ ಎಲ್ಲೋ ಒಂದು ಕರಿನಾಯಿ ಎಡದಿಂದ ಬಂದು ಮರಳಿನ ಮೇಲೆ ಬಲಕ್ಕೆ ಓಡಿಹೋಗುತ್ತಿತ್ತು.

ಬಂದವರನ್ನು ನೋಡಿದರೆ ಕಾಲ ಹೇಗೆ ಬದಲಾಗಿದೆ ಎಂದು ತಿಳಿಯುತ್ತಿತ್ತು. ಈ ದಂಧೆಗೆ ನಾನು ಬಂದ ಹೊಸದರಲ್ಲಿ ಜನ ನೀರು ಯಾವಾಗ ಬರುತ್ತೆ, ಬಸ್‌ಸ್ಟಾಪು ಎಷ್ಟು ದೂರ, ಸ್ಕೂಲು ಯಾವುದು ಎಂದು ಕೇಳುತ್ತಿದ್ದರು. ಈಗ ಕೇಳುವುದು ಈಜುಕೊಳ, ಜಿಮ್ಮು, ಬಾಲ್ಕನಿಯಿಂದ ಸೂರ್ಯ ಮುಳುಗುವುದು ಕಾಣುತ್ತಾ ಎಂದು. ಪಶ್ಚಿಮಕ್ಕೆ ಮುಖ ಮಾಡಿದ ಮನೆಯೆಂದರೆ ಮಾರುದೂರ ಹೋಗುತ್ತಿದ್ದವರೇ, ನೀರಿದ್ದರೆ ದೋಷವಿಲ್ಲ ಬಿಡಿ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು. ಮಾರುವವರೂ ಅವರೇ, ಕೊಳ್ಳುವವರೂ ಅವರೇ. ರಾಜಾಜಿನಗರದಲ್ಲಿ ಅಪ್ಪ ಕಟ್ಟಿಸಿದ ಮನೆ ಮಾರಿ ಅಣ್ಣತಮ್ಮಂದಿರು ಪಾಲು ಹಂಚಿಕೊಂಡಿರುತ್ತಾರೆ. ಆ ಪಾಲಿನಲ್ಲಿ ಅದೇ ರಸ್ತೆಯಲ್ಲಿ ಇನ್ನೊಂದು ಮನೆ ಬರುವುದಿಲ್ಲ. ಮುಖ ಸಪ್ಪೆ ಮಾಡಿಕೊಂಡು ಸಮುದ್ರದ ಕಡೆ ತಿರುಗುತ್ತಾರೆ. "ಅಲ್ಲಿಗೇ ಹೋಗಿ ಇರ್ತೀರಾ ಸಾರ್?" ಎಂದರೆ ಎಲ್ಲರದೂ ಒಂದೇ ಉತ್ತರ. "ಇಲ್ಲಮ್ಮ, ಸುಮ್ನೆ ಒಂದು ಇರ್ಲಿ ಅಂತ." ಒಬ್ಬರೂ ವಾಸಕ್ಕೆಂದು ಕೊಳ್ಳುತ್ತಿರಲಿಲ್ಲ.

ನಾನೇನು ಕಡಿಮೆಯೇ? ಚಂದ್ರಾ ಲೇಔಟಿನಲ್ಲಿ ಅಪ್ಪ ನನ್ನ ಹೆಸರಿಗೆ ಬರೆದಿಟ್ಟ ಹಳೇ ಮನೆಯೊಂದಿದೆ. ಅದರ ಮೇಲೆ ಬಿಲ್ಡರ್‌ಗಳಿಗೆ ಆಗಲೇ ಕಣ್ಣು ಬಿದ್ದಿತ್ತು. ಕೊಟ್ಟುಬಿಟ್ಟು, ಸಿಬ್ಬಂದಿಗೆಂದು ಬಿಡುವ ರಿಯಾಯಿತಿಯಲ್ಲಿ ಈ ಟವರಿನದೇ ಒಂದು ಪುಟ್ಟ ಮನೆ ಹಿಡಿಯೋಣವೆಂದು ಗಂಡನ ತಲೆ ತಿನ್ನುತ್ತಿದ್ದೆ.

ಗೌರವ್ವ ಬಂದದ್ದು ಆ ಮಳೆಗಾಲದ ಶುರುವಿನಲ್ಲಿ. ಗಂಡ ಈರಣ್ಣ ಸರ್ ಧಾರವಾಡದ ಕಡೆಯವರು, ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾದವರು. ಮಕ್ಕಳಿಲ್ಲ. ಊರ ಕಡೆಯ ಜಮೀನಿನ ಪಕ್ಕ ಹೊಸ ಬೈಪಾಸು ಬಂದು, ಜಮೀನು ಒಳ್ಳೆಯ ಬೆಲೆಗೆ ಹೋಗಿತ್ತು. ಆ ಹಣವನ್ನೆಲ್ಲ ಸುರಿದು ಟವರಿನ ಹನ್ನೊಂದನೇ ಮಹಡಿಯ ಮನೆಯೊಂದನ್ನು ಹೆಂಡತಿಯ ಹೆಸರಿಗೆ ಬುಕ್ ಮಾಡಿದ್ದರು. ಆಕೆ ಗುಬ್ಬಿಮರಿಯಷ್ಟು ಚಿಕ್ಕ ಹೆಂಗಸು. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ ಹೊದ್ದು ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದ್ದು ಇಷ್ಟು:

"ಇಲ್ಲಿ ಯಾರೂ ನಮಗ ಖಾಲಿ ಮಾಡ್ರಿ ಅನ್ನಾಂಗಿಲ್ಲ, ಹೌದಿಲ್ಲೋ ಯವ್ವಾ?"

"ಯಾರು ಅಂತಾರಮ್ಮ? ಮನೆ ನಿಮ್ಮದು, ನಿಮ್ಮ ಹೆಸರಲ್ಲೇ ಇದೆ" ಎಂದೆ.

"ಹಂಗಂದ್ರ ಸಾಕು" ಎಂದು ಒಳಗೆ ಬಂದರು.

ಆಮೇಲೆ ಕೂತು ಹೇಳಿಕೊಂಡರು. ಮದುವೆಯಾದಾಗಿನಿಂದ ಬಾಡಿಗೆ ಮನೆ. ಗಂಡನಿಗೆ ವರ್ಗವಾದಲ್ಲೆಲ್ಲ ಒಬ್ಬ ಹೊಸ ಓನರ್. ಒಬ್ಬ ಸಂಜೆಯ ಮೇಲೆ ಮಿಕ್ಸಿ ಹಾಕಬಾರದು ಎನ್ನುತ್ತಿದ್ದ, ಇನ್ನೊಬ್ಬ ಗೋಡೆಗೆ ಒಂದು ಮೊಳೆ ಹೊಡೆಯಲು ಬಿಡುತ್ತಿರಲಿಲ್ಲ. "ಪಂಚಮಿ ಉಂಡಿ ಕಟ್ಟಲಿಕ್ಕೆ ಕುಂತಿದ್ದೆ. ಓನರ್ ಬಾಗಿಲ್ದಾಗ ಬಂದು ನಿಂತ. ಖಾಲಿ ಮಾಡ್ರಿ ಅಂದ. ಕೈಯಾಗಿನ ಉಂಡಿ ಹಂಗೇ ಪುಡಿ ಆತು ನೋಡು" ಎಂದರು. ಬಸವೇಶ್ವರನಗರದಲ್ಲಿ ಈಗಿರುವ ಮನೆಯ ಕೆಳಗಡೆ ಓನರ್ ಇದ್ದಾನೆ, ಮೇಲೆ ಕೆಮ್ಮಿದರೂ ಕತ್ತೆತ್ತಿ ನೋಡುತ್ತಾನಂತೆ. ಸಮುದ್ರವೇ ಏಕೆ ಬೇಕಾಯಿತು ಎಂದು ಕೇಳಿದೆ. "ಸಮುದ್ರಕ್ಕ ಓನರ್ ಇಲ್ಲಲ್ಲವಾ" ಎಂದು ನಕ್ಕರು. ಎಷ್ಟು ಜನಕ್ಕೆ ಮನೆ ತೋರಿಸಿದ್ದೇನೋ, ಇರುವುದಕ್ಕೆಂದು ಮನೆ ಕೊಂಡವರು ಅವರೊಬ್ಬರೇ. ನನಗೆ ತುಂಬ ಹಿಡಿಸಿದರು.

ಆಕೆಗೆ ಹೊಟ್ಟೆಯಲ್ಲಿ ಗಡ್ಡೆಯಿತ್ತು. ಅದು ಅವರಿಗೂ ಗೊತ್ತು. ಆ ಮಳೆಗೆ ಮಂಗಳೂರಿನಲ್ಲಿ ಕೆಲಸ ನಿಂತಿತ್ತು, ಟವರು ಅರ್ಧಕ್ಕೂ ಬಂದಿರಲಿಲ್ಲ. ಗೌರವ್ವನ ಮನೆ ಇರಬೇಕಾದ ಎತ್ತರದಲ್ಲಿ ಇನ್ನೂ ಕಾಗೆ ಹಾರಾಡುತ್ತಿತ್ತು. ಒಂದು ದಿನ ಈರಣ್ಣ ಸರ್ ನನ್ನನ್ನು ಕಂಬದ ಹಿಂದಕ್ಕೆ ಕರೆದರು.

"ಡಾಕ್ಟರ್ ಸಂಕ್ರಾಂತಿ ತನಕಾನೂ ಕಷ್ಟ ಅಂದಾರ ತಂಗಿ. ಅಕಿಗೆ ಒಂದ ಆಸೆ, ಸ್ವಂತ ಮನ್ಯಾಗ ಹಾಲು ಉಕ್ಕಿಸಬೇಕು ಅಂತ. ಅಳತಿ ಎಲ್ಲಾ ಇದ ಅಂತೀರಲ್ಲಾ, ಇಲ್ಲೇ ಉಕ್ಕಿಸಿದ್ರ ನಡೀತದೇನು?"

ನನ್ನ ಮೇಲಿದ್ದ ಮ್ಯಾನೇಜರ್ ಕಿರಣ್ ಎಂಬ ಚಿಕ್ಕ ವಯಸ್ಸಿನವನು. ಬೇಡ ಎನ್ನುತ್ತಾನೆಂದುಕೊಂಡಿದ್ದೆ. ಅವನು ಕುಣಿದುಬಿಟ್ಟ. "ಸೂಪರ್ ಐಡಿಯಾ ಮೇಡಂ! ವಿಡಿಯೋ ಮಾಡೋಣ. ರಿಯಲ್ ಫ್ಯಾಮಿಲಿ, ರಿಯಲ್ ಗೃಹಪ್ರವೇಶ. ಜನ ಮುಗಿಬೀಳ್ತಾರೆ" ಎಂದ.

ಶ್ರಾವಣದ ಒಂದು ಸೋಮವಾರ ನಡೆಯಿತು. ಹೊರಗೆ ಜಡಿಮಳೆ. ಸ್ಯಾಂಪಲ್ ಫ್ಲಾಟಿಗೆ ಹೊಸ್ತಿಲಿರಲಿಲ್ಲ, ಹೊಸ್ತಿಲಿಲ್ಲದೆ ಹೇಗೆ ದಾಟುವುದು ಎಂದು ಗೌರವ್ವ ನಿಂತುಬಿಟ್ಟರು. ಬಡಗಿಯ ಹತ್ತಿರ ಒಂದು ತೇಗದ ಹಲಗೆ ತರಿಸಿ ಅಡ್ಡ ಹಾಕಿ ಅರಿಶಿನ ಬಳಿದೆವು. ಅವರ ಕಡೆಯ ಅಯ್ಯನವರು ಪೂಜೆಗೆ ಬಂದಿದ್ದರು. ಗೋಡೆಯನ್ನು ಬೆರಳಿನಿಂದ ತಟ್ಟಿ, ಟೊಳ್ಳು ಸದ್ದು ಕೇಳಿ, "ಇದು ಯಾರ ಮನೀವಾ?" ಎಂದರು.

"ನಂದರೀ" ಎಂದರು ಗೌರವ್ವ.

ಅಯ್ಯನವರು ಪೂಜೆಗೆ ಕೂತರು. ಅಲ್ಲಿದ್ದ ಒಲೆ ಬರೀ ಅಲಂಕಾರದ್ದು, ಅದರ ಮೇಲೆ ಕರೆಂಟಿನ ಒಲೆಯಿಟ್ಟು ಹಾಲಿನ ಪಾತ್ರೆ ಇಟ್ಟೆವು. ಹಾಲು ಉಕ್ಕಿ ಮೂಡಣಕ್ಕೆ ಚೆಲ್ಲಿತು. ಗೌರವ್ವ ಕೈಮುಗಿದು ಗಳಗಳ ಅತ್ತರು, ನಾನೂ ಅತ್ತೆ. ಆ ಹೊತ್ತಿಗೆ ಸರಿಯಾಗಿ, ಹೇಗೆ ಹೇಳಲಿ, ಫ್ಲಾಟಿನೊಳಗೆ ಯಾವಾಗಲೂ ಇರುತ್ತಿದ್ದ, ಖಾಲಿ ಮನೆಗಳಲ್ಲಿ ಕೇಳುವಂಥ ಒಂದು ಗುಂಯ್ ಎನ್ನುವ ಸದ್ದು ನಿಂತಿತು. ಏಸಿ ಓಡುತ್ತಲೇ ಇತ್ತು, ಅಲೆಯ ಸ್ಪೀಕರೂ ಓಡುತ್ತಿತ್ತು. ನಿಂತದ್ದು ಬೇರೆ ಏನೋ. ಕಿರಣ್ ಕೂಡ ಫೋನು ಕೆಳಗಿಳಿಸಿ ಸುತ್ತ ನೋಡಿದ. ಹಾಲು ಉಕ್ಕಿಸಿದ ಮನೆಯನ್ನು ಅಂದು ಖಾಲಿ ಬಿಡಬಾರದು, ಹಾಗಾಗಿ ಗಂಡಹೆಂಡತಿ ಅಂದು ಅಲ್ಲೇ ಉಳಿದರು. ಬೆಳಿಗ್ಗೆ ನಾನು ಹೋದಾಗ ಈರಣ್ಣ ಸರ್ ಸೋಫಾದ ಮೇಲೆ ಬೆನ್ನು ಹಿಡಿದುಕೊಂಡು ಕೂತಿದ್ದರು. ಗೌರವ್ವ ಆ ಗಿಡ್ಡ ಮಂಚದ ಮೇಲೆ ಹಾಯಾಗಿ ಮಲಗಿದ್ದರು. ತಲೆ ಒಂದು ಅಂಚಿಗೆ, ಪಾದ ಇನ್ನೊಂದು ಅಂಚಿಗೆ.

"ಶೈಲಾ, ಈ ಮಂಚ ನನ್ನ ಅಳತಿ ತಗೊಂಡ ಮಾಡಿಸ್ಯಾರ ನೋಡು" ಎಂದರು. ಗುಟ್ಟು ಗೊತ್ತಿದ್ದ ನಾನು ಅವರ ಹೊದಿಕೆ ಸರಿಮಾಡುತ್ತಾ ಹೂಂ ಎಂದೆ.

ಅಲ್ಲಿಂದ ದಿನಾ ಮಧ್ಯಾಹ್ನ ಬರುತ್ತಿದ್ದರು. ಆಟೋದಲ್ಲಿ ಗಂಡ ಬಿಟ್ಟುಹೋಗುವುದು, ಸಂಜೆ ಕರೆದೊಯ್ಯುವುದು. ಬಾಲ್ಕನಿಯಲ್ಲಿ ಕೂತು ಪರದೆ ನೋಡುತ್ತಾ ಹೂ ಕಟ್ಟುತ್ತಿದ್ದರು. "ಈಗ ಬರ್ತದ ನೋಡು" ಎನ್ನುತ್ತಿದ್ದಂತೆ ಕರಿನಾಯಿ ಓಡಿಬರುತ್ತಿತ್ತು. "ಪಾಪ, ಒಂದು ದಿನಾನೂ ನಿಂದ್ರಾಂಗಿಲ್ಲ. ನಿಂತ್ರ ಒಂದು ರೊಟ್ಟಿ ಹಾಕಬಹುದಿತ್ತು" ಎನ್ನುತ್ತಿದ್ದರು. ನಾನು ಗಿರಾಕಿಗಳನ್ನು ಕರೆದುಕೊಂಡು ಬಂದರೆ ಮನೆಯೊಡತಿಯ ಹಾಗೆ ಎದ್ದು "ಬರ್ರಿ, ಒಳಗ ಬರ್ರಿ" ಎಂದು ಕರೆಯುತ್ತಿದ್ದರು. ಗಿರಾಕಿಗಳಿಗೆ ಕಕ್ಕಾಬಿಕ್ಕಿ. ಕಿರಣ್ ಹಲ್ಲು ಕಡಿಯುತ್ತಿದ್ದ. "ಮೇಡಂ, ಇವರಿಗೆ ಸ್ವಲ್ಪ ಹೇಳಿ" ಎಂದು ಪಿಸುಗುಟ್ಟುತ್ತಿದ್ದ. "ನೀವೇ ಹೇಳಿ ಸಾರ್, ಧೈರ್ಯ ಇದ್ರೆ" ಎಂದೆ.

ಗಣೇಶನ ಹಬ್ಬದ ಆಸುಪಾಸಿಗೆ ಬರುವುದು ನಿಂತಿತು. ಆಸ್ಪತ್ರೆಗೆ ನೋಡಲು ಹೋದೆ. ಮಾತು ಕ್ಷೀಣವಾಗಿತ್ತು. ಗಂಡನ ಕೈ ಹಿಡಿದು "ಮನಿಗೆ ಹೋಗೂಣು" ಎಂದರು. ಈರಣ್ಣ ಸರ್ "ಹೂಂ, ನಾಳೆ ಡಿಸ್ಚಾರ್ಜ್ ಮಾಡ್ತಾರ" ಎಂದಾಗ, "ಬಾಡಿಗಿ ಮನಿಗಲ್ಲ" ಎಂದು ಮುಖ ತಿರುಗಿಸಿದರು. ಮಾರನೆಯ ದಿನ ತೀರಿಕೊಂಡರು. ದೇಹವನ್ನು ಬಾಡಿಗೆ ಮನೆಗೇ ತಂದರು, ಇನ್ನೆಲ್ಲಿಗೆ ತರುವುದು? ಆ ಓನರ್ ಗೇಟಿನ ಹತ್ತಿರ ನಿಂತು, ತುಂಬ ಹೊತ್ತು ಇಟ್ಟುಕೊಳ್ಳಬೇಡಿ ಎಂದ. ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತ್ತು. ಈರಣ್ಣ ಸರ್ ನನ್ನ ತೋಳು ಹಿಡಿದು ಸುಮ್ಮನಾಗಿಸಿದರು.

ಅವರ ಕಾರ್ಯವೆಲ್ಲ ಮುಗಿದು ನಾನು ಕೆಲಸಕ್ಕೆ ವಾಪಸ್ಸಾದೆ. ಮೊದಲು ನನಗೇನೂ ಗೊತ್ತಾಗಲಿಲ್ಲ. ಗೊತ್ತಾದದ್ದು ಗಿರಾಕಿಗಳಿಂದ.

ನಂದಿನಿ ಲೇಔಟಿನ ಒಬ್ಬ ಗ್ರಾನೈಟ್ ವ್ಯಾಪಾರಿ ಕುಟುಂಬ ಸಮೇತ ಬಂದ. ಜೋರು ಗಂಟಲಿನ ಮನುಷ್ಯ, ಲಿಫ್ಟಿನಿಂದಲೇ ಅವನ ಮಾತು ಕೇಳುತ್ತಿತ್ತು. ಆ ತೇಗದ ಹಲಗೆ ದಾಟುವ ಮುಂಚೆ ಚಪ್ಪಲಿ ಬಿಟ್ಟ. ನಾವು ಯಾರಿಗೂ ಚಪ್ಪಲಿ ಬಿಡಿ ಎನ್ನುವುದಿಲ್ಲ, ಮೇಲೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಚೀಲ ಕೊಡುತ್ತೇವೆ. ಅವನ ಹಿಂದೆ ಹೆಂಡತಿಯೂ ಬಿಟ್ಟಳು. ಒಳಗೆ ಬಂದವರು ದನಿ ತಗ್ಗಿಸಿದರು. ಹಾಲ್ ನೋಡಿದರು, ಅಡುಗೆಮನೆ ನೋಡಿದರು, ಮಲಗುವ ಕೋಣೆಯ ಬಾಗಿಲಿಲ್ಲದ ಬಾಗಿಲಲ್ಲಿ ಗಕ್ಕನೆ ನಿಂತರು. "ಓ, ಸಾರಿ" ಎಂದು ಆಕೆ ಹಿಂದೆ ಸರಿದಳು.

"ಬನ್ನಿ ಮೇಡಂ, ಇದು ಮಾಸ್ಟರ್ ಬೆಡ್‌ರೂಮ್" ಎಂದೆ.

"ಇರ್ಲಿ ಬಿಡಿ, ಆಮೇಲೆ ಬರ್ತೀವಿ. ಮಲಗಿದಾರೆ ಅನ್ಸುತ್ತೆ" ಎಂದಳು.

ಯಾರು ಮಲಗಿದ್ದಾರೆ? ನಾನು ಬಗ್ಗಿ ನೋಡಿದೆ. ಹಾಸಿಗೆ ಖಾಲಿ. ಹೊದಿಕೆ ಮಡಿಸಿದಂತೆಯೇ ಇತ್ತು. ತಿರುಗಿ ಆಕೆಯನ್ನು ಕೇಳೋಣವೆಂದರೆ ಅವರಾಗಲೇ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

ಇದು ಒಬ್ಬರ ಕಥೆಯಾಗಿದ್ದರೆ ಮರೆತುಬಿಡುತ್ತಿದ್ದೆ. ಬಂದವರೆಲ್ಲ ಹಾಗೇ. ವಿಜಯನಗರದ ಒಬ್ಬ ರಿಟೈರ್ಡ್ ಮೇಷ್ಟ್ರು ನೇರವಾಗಿ ಕೇಳಿದರು, "ಇದು ಸ್ಯಾಂಪಲ್ ಅಂತೀರಿ, ಜನ ಇದಾರಲ್ಲಮ್ಮ?" ಮನೆ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಜನ ಇರುವ ಮನೆಯ ಗಾಳಿಯೇ ಬೇರೆ. ಬೀಗ ತೆಗೆದು ಒಳಗೆ ಹೆಜ್ಜೆಯಿಟ್ಟ ತಕ್ಷಣ ಮೂಗಿಗೆ ಗೊತ್ತಾಗುತ್ತದೆ. ಜನ ಇರುವ ಮನೆಯನ್ನು ಕೊಳ್ಳುವುದಕ್ಕೆ ಯಾರೂ ಮುಂದೆ ಬರುವುದಿಲ್ಲ, ಇರುವವರು ಎದ್ದುಹೋಗುತ್ತಾರೋ ಇಲ್ಲವೋ ಎಂಬ ಅನುಮಾನ. ನಮ್ಮಲ್ಲೂ ಅದೇ ಆಯಿತು. ಒಂದು ಮನೆಯೂ ಬುಕ್ಕಾಗಲಿಲ್ಲ. ಹಾಲು ಉಕ್ಕಿಸಿದ ದಿನ ಕಿರಣ್ ಮಾಡಿದ ವಿಡಿಯೋವನ್ನು ಜನ ನೋಡಿದರು, ಕಣ್ಣೀರು ಹಾಕಿದರು, ಬರಲಿಲ್ಲ.

ಬೆಳಿಗ್ಗೆ ಬೀಗ ತೆಗೆಯುವಾಗ ನಾನು ಗಂಟಲು ಸರಿಮಾಡಿಕೊಳ್ಳತೊಡಗಿದೆ, ಬೇರೆಯವರ ಮನೆಗೆ ಹೋಗುವಾಗ ಮಾಡುತ್ತೇವಲ್ಲ, ಹಾಗೆ. ಗಮನಿಸಿದರೆ ಕಿರಣ್ ಕೂಡ ಕೆಮ್ಮಿಯೇ ಒಳಗೆ ಬರುತ್ತಿದ್ದ. ನೀರೇ ಇಲ್ಲದ ನಲ್ಲಿಯ ಕೆಳಗೆ ಸಿಂಕು ಒಂದೆರಡು ಸಲ ಒದ್ದೆಯಾಗಿತ್ತು. ಮೇಲಿನ ಮಹಡಿಯ ಪೈಪು ಸೋರಿರಬಹುದು ಎಂದುಕೊಂಡೆವು. ಮಳೆಗಾಲ ಬೇರೆ.

ಆಮೇಲೆ ಆ ನಾಯಿ. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ಕಿರಣ್ ಮತ್ತು ನಾನು ಬಾಲ್ಕನಿಯಲ್ಲಿ ಕೂತು ಊಟದ ಡಬ್ಬಿ ಬಿಚ್ಚಿದ್ದೆವು. ಪರದೆಯ ಮೇಲೆ ಕರಿನಾಯಿ ಎಡದಿಂದ ಬಂತು. ಮರಳಿನ ನಡುವೆ ನಿಂತಿತು. ಕತ್ತೆತ್ತಿ ನಮ್ಮ ಬಾಲ್ಕನಿಯ ಕಡೆ ನೋಡಿತು. ದಿನಾ ರೊಟ್ಟಿ ಹಾಕುವ ಮನೆಯ ಮುಂದೆ ಬೀದಿನಾಯಿ ನಿಲ್ಲುತ್ತದಲ್ಲ, ಹಾಗೇ ಬಾಲ ಆಡಿಸುತ್ತಾ ನಿಂತಿತ್ತು. ನಾವಿಬ್ಬರೂ ತುತ್ತು ಕೈಯಲ್ಲಿ ಹಿಡಿದು ಕೂತೆವು. ಸ್ವಲ್ಪ ಹೊತ್ತಿಗೆ ಏನನ್ನೋ ಕಚ್ಚಿಕೊಂಡಂತೆ ಬಾಯಾಡಿಸಿ ಬಲಕ್ಕೆ ಓಡಿತು.

"ಫೈಲ್ ಚೇಂಜ್ ಮಾಡಿರ್ತಾರೆ ಮೇಡಂ, ಹೆಡ್ ಆಫೀಸ್‌ನವರು" ಎಂದ ಕಿರಣ್. ಎದ್ದುಹೋಗಿ ಪರದೆ ಆರಿಸಿದ. ಅದನ್ನು ಮತ್ತೆ ಹಚ್ಚಲೇ ಇಲ್ಲ. ಸಮುದ್ರವಿಲ್ಲದ ಸಮುದ್ರದ ಮನೆಯನ್ನು ನಾನು ಹೇಗೆ ಮಾರಲಿ?

ನವರಾತ್ರಿಗೆ ಮುಂಚೆ ಆದೇಶ ಬಂತು. ಸ್ಯಾಂಪಲ್ ಫ್ಲಾಟು ಬಿಚ್ಚಿ, ಮಹಡಿ ಬಿಟ್ಟುಕೊಡಿ ಎಂದು. ಕಿರಣ್ ನನ್ನನ್ನು ಕರೆದು ಮೇಜಿನ ಮೇಲಿನ ಪೆನ್ನು ತಿರುಗಿಸುತ್ತಾ ಕೂತ.

"ಮೇಡಂ, ಸೋಮವಾರ ಕಾರ್ಪೆಂಟರ್‌ಗಳು ಬರ್ತಾರೆ. ಅದಕ್ಕೆ ಮುಂಚೆ ನೀವು ಒಂದು ಸಲ ಹೇಳಿಬಿಡಿ."

"ಏನು ಹೇಳಬೇಕು?"

"ಅದೇ... ಖಾಲಿ ಮಾಡಿ ಅಂತ."

"ಯಾರಿಗೆ ಸಾರ್?"

ಅವನು ಕೋಣೆಯ ಕಡೆ ನೋಡಲಿಲ್ಲ. "ನೀವೇ ಅವರ ಜೊತೆ ಚೆನ್ನಾಗಿದ್ರಲ್ಲ ಮೇಡಂ. ಪ್ಲೀಸ್" ಎಂದ. ಎಂಬಿಎ ಓದಿದ ಹುಡುಗ, ಅವನನ್ನು ನೋಡಿ ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಈರಣ್ಣ ಸರ್‌ಗೆ ಫೋನು ಮಾಡಿದೆ. ಹೀಗೆ ಹೀಗೆ ಎಂದು ಹೇಳಿದೆ. ನಾನು ಹೇಳಿದ್ದು ಕೇಳಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ನಾ ಹೇಳಾಂಗಿಲ್ಲ ತಂಗಿ. ಆ ಮಾತು ಅಕಿ ಕಿವಿಗೆ ಇನ್ನೊಮ್ಮೆ ಬೀಳಬಾರದು ಅಂತನ ಮನಿ ತಗೊಂಡಿದ್ದು. ನನ್ನ ಕೈಲೆ ಆಗೂದಿಲ್ಲ" ಎಂದು ಇಟ್ಟುಬಿಟ್ಟರು.

ಭಾನುವಾರ ಮಧ್ಯಾಹ್ನ ನಾನೊಬ್ಬಳೇ ಹೋದೆ. ಹೇಳಲೇಬೇಕಿತ್ತು, ಇಲ್ಲದಿದ್ದರೆ ಮಾರನೆಯ ದಿನ ಸುತ್ತಿಗೆ ಹಿಡಿದವರು ಹೇಳುತ್ತಿದ್ದರು. ಮಳೆ ಬಿಟ್ಟು ಬಿಸಿಲು ಬಂದಿತ್ತು, ಕೆಳಗೆ ಹೂವಿನವಳು ಕೂಗುತ್ತಿದ್ದಳು. ಹಾಡಹಗಲು. ಹೆದರುವಂಥದ್ದೇನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಚಪ್ಪಲಿ ಬಿಟ್ಟು ಹಲಗೆ ದಾಟಿದೆ. ಕೋಣೆಯ ಬಾಗಿಲಲ್ಲಿ ನಿಂತೆ. ಹಾಸಿಗೆಯ ಮೇಲೆ, ತಲೆಯಿಂದ ಪಾದದವರೆಗೆ, ಒಂದು ಚಿಕ್ಕ ತಗ್ಗು ಇತ್ತು. ಅದರ ಪಕ್ಕ ಹೂ ಕಟ್ಟುವ ದಾರದ ತುಂಡು.

"ಗೌರವ್ವಾರೆ" ಎಂದೆ. ಮುಂದೆ ಹೇಳಬೇಕಿದ್ದದ್ದು ಎರಡೇ ಶಬ್ದ. ಆ ಎರಡು ಶಬ್ದವನ್ನು, ಮೊದಲು ಬಾಡಿಗೆ ಮನೆಗಳ ಬ್ರೋಕರ್ ಆಗಿದ್ದಾಗ, ನಾನು ಎಷ್ಟು ಬಾಡಿಗೆದಾರರಿಗೆ ಎಷ್ಟು ಓನರ್‌ಗಳ ಪರವಾಗಿ ಹೇಳಿಲ್ಲ? ನಾಲಿಗೆಗೆ ಚೆನ್ನಾಗಿ ರೂಢಿಯಿದ್ದ ಮಾತು. ಬರಲೊಲ್ಲದು. ನಿಂತಲ್ಲೇ ಅಳು ಬಂತು. ಬದುಕಿದ್ದಷ್ಟು ದಿನ ಆ ಮಾತು ಕೇಳಿ ಕೇಳಿ ಹೋದ ಹೆಂಗಸಿಗೆ ಸತ್ತ ಮೇಲೂ ಹೇಳಬೇಕೇ ಎಂದು ಸಿಟ್ಟೂ ಬಂತು. ಕಿರಣ್ ಮೇಲೆ, ಕಂಪನಿಯ ಮೇಲೆ, ಆ ಪ್ಲೈವುಡ್ಡಿನ ಮೇಲೆ ಸಿಟ್ಟು.

ಹೊರಗೆ ಬಂದು ಕೆಳಗಿಳಿದೆ. ಅಂಗಡಿಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಶಿನ ಕುಂಕುಮ ತೆಗೆದುಕೊಂಡೆ. ಪಕ್ಕದಲ್ಲಿ ಒಂದು ಕುಪ್ಪಸದ ಕಣ ಸಿಕ್ಕಿತು, ಹಸಿರು ಬಣ್ಣದ್ದು. ಅವರ ಕಡೆ ಮುತ್ತೈದೆ ಒಂದು ಮನೆಯಿಂದ ಹೊರಡುವಾಗ ಉಡಿ ತುಂಬದೆ ಕಳಿಸುವುದಿಲ್ಲ ಎಂದು ಗೌರವ್ವ ಒಮ್ಮೆ ಹೇಳಿದ್ದರು. ನಮ್ಮ ಕಡೆ ಮಡಿಲಕ್ಕಿ ಎನ್ನುತ್ತೇವೆ, ಎರಡೂ ಒಂದೇ. ಮತ್ತೆ ಮೇಲೆ ಹೋಗಿ ಅಷ್ಟನ್ನೂ ಆ ತಗ್ಗಿನ ನಡುವೆ ಇಟ್ಟು, ಕುಂಕುಮ ಹಚ್ಚಿದೆ. ಹಚ್ಚಿದ್ದು ಯಾವುದಕ್ಕೆ ಎಂದು ಕೇಳಬೇಡಿ. ಬೆರಳಿಗೆ ತಣ್ಣಗೆ ಏನೋ ತಾಗಿತು, ಅಷ್ಟೇ ಗೊತ್ತು.

"ಅಮ್ಮಾ, ನಮ್ಮನೆಗೆ ಬನ್ನಿ" ಎಂದೆ. "ಚಂದ್ರಾ ಲೇಔಟಲ್ಲಿ, ಇಲ್ಲೇ ಹತ್ರ. ಸಮುದ್ರ ಇಲ್ಲ, ಹಿಂದ್ಗಡೆ ಒಂದು ಸೀಬೆ ಮರ ಇದೆ. ಸ್ವಂತ ಮನೆನೇ. ನನ್ನ ಹೆಸರಲ್ಲೇ ಇದೆ. ಬನ್ನಿ ಹೋಗೋಣ."

ಉಡಿಯ ಗಂಟು ಕಟ್ಟಿ ಸೆರಗಿನಲ್ಲಿ ಇಟ್ಟುಕೊಂಡೆ. ಎತ್ತುವಾಗ ಅದು ಭಾರವಾಗಿತ್ತು, ನಾನು ಕೊಂಡ ಅಕ್ಕಿಗಿಂತ ಬಹಳ ಭಾರ. ಬೀಗ ಹಾಕಿ ಹೊರಡುವಾಗ, ಹಾಲು ಉಕ್ಕಿದ ದಿನ ನಿಂತಿದ್ದ ಆ ಗುಂಯ್ ಸದ್ದು ಒಳಗೆ ಮತ್ತೆ ಶುರುವಾಗಿತ್ತು. ಸೋಮವಾರ ಕಾರ್ಪೆಂಟರ್‌ಗಳು ಬಂದು ಮಧ್ಯಾಹ್ನದೊಳಗೆ ಎಲ್ಲ ಬಿಚ್ಚಿ ಹಾಕಿದರಂತೆ. ಮಂಚ ಮಾತ್ರ ಯಾರಿಗೂ ಬೇಡವಾಯಿತು. ನಾನು ಟೆಂಪೋ ಮಾಡಿಸಿ ತರಿಸಿಕೊಂಡು ಹಿಂದಿನ ಕೋಣೆಯಲ್ಲಿ ಹಾಕಿಸಿದೆ.

"ಯಾರಿಗೇ ಈ ಮೋಟು ಮಂಚ?" ಎಂದರು ನಮ್ಮ ಮನೆಯವರು.

"ನೆಂಟರಿಗೆ" ಎಂದೆ. ಆವತ್ತಿನಿಂದ ಹಿಂದಿನ ಕೋಣೆಗೆ ಹೋಗುವಾಗ ಅವರೂ ಕೆಮ್ಮಿಯೇ ಹೋಗುತ್ತಾರೆ.

ಟವರು ಮುಗಿದು ಬೀಗದ ಕೈ ಬರುವುದಕ್ಕೆ ಇನ್ನೂ ಸಾಕಷ್ಟು ಕಾಲ ಹಿಡಿಯಿತು. ಅಷ್ಟು ಹೊತ್ತಿಗೆ ನಾನು ಆ ಕಂಪನಿ ಬಿಟ್ಟಿದ್ದೆ. ಒಂದು ಸಂಜೆ ಈರಣ್ಣ ಸರ್ ಮನೆಗೆ ಬಂದರು. ಗೌರವ್ವ ನಮ್ಮಲ್ಲಿರುವುದನ್ನು ಅವರಿಗೆ ನಾನು ಹಿಂದೆಯೇ ತಿಳಿಸಿದ್ದೆ. ಬಸವೇಶ್ವರನಗರದ ಓನರ್ ಈ ಸಲ ಈರಣ್ಣ ಸರ್‌ಗೂ ಖಾಲಿ ಮಾಡಿ ಎಂದು ಹೇಳಿ ಆಗಿತ್ತು. ಮಂಗಳೂರಿಗೆ ಹೋಗಿ ಸೇರಿಕೊಳ್ಳುವುದು, ಅದಕ್ಕೂ ಮುಂಚೆ ಗೌರವ್ವನನ್ನು ಕರೆದೊಯ್ಯುವುದು ಎಂದು ಬಂದಿದ್ದರು. ಹೊಸ ಬೀಗದ ಕೈಯನ್ನು ಅಂಗೈಯಲ್ಲಿಟ್ಟು ತೋರಿಸಿದರು. "ಹಿಂದಿನ ಕೋಣೆಯಲ್ಲಿದ್ದಾರೆ ಸಾರ್, ಹೋಗಿ" ಎಂದೆ. ಹೋಗಿ ಬಹಳ ಹೊತ್ತು ಕೂತರು. ಮಾತಾಡುವ ಸದ್ದು ಕೇಳುತ್ತಿತ್ತು, ಒಬ್ಬರದೇ. ನಾನು ಅಡುಗೆಮನೆಯಲ್ಲಿ ಕಾಫಿ ಲೋಟ ಹಿಡಿದುಕೊಂಡು ನಿಂತಿದ್ದೆ.

ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು.

"ಬರೂದಿಲ್ಲಂತ. ಆ ಮನಿ ಮಾರಿಬಿಡು ತಂಗಿ, ಗಿರಾಕಿ ನೋಡು" ಎಂದರು.

"ಯಾಕೆ ಸಾರ್? ಅಷ್ಟು ಆಸೆಪಟ್ಟಿದ್ರು."

ಈರಣ್ಣ ಸರ್ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಹಿಂದಿನ ಕೋಣೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಈ ಮನಿ ಯಾರ ಹೆಸರಿಲೆ ಐತಿ ಅಂತ ಕೇಳಿದಳು. ಶೈಲಾನ ಹೆಸರಿಲೆ ಅಂದೆ. ಹಂಗಾದ್ರ ನಾ ಎಲ್ಲಿಗೂ ಬರಾಂಗಿಲ್ಲ, ಅಕಿ ಆ ಮಾತು ಹೇಳಾಂಗಿಲ್ಲ ಅಂದಳು."

ಚಂದ್ರಾ ಲೇಔಟಿನಲ್ಲಿ ನಮ್ಮ ಎಡಕ್ಕೂ ಬಲಕ್ಕೂ ಈಗ ದೊಡ್ಡ ದೊಡ್ಡ ಕಟ್ಟಡ ಎದ್ದಿವೆ. ಬಿಲ್ಡರ್ ಕಡೆಯವರು ಈಗಲೂ ಬಂದು, ಬೇಕಾದ ಬೆಲೆ ಕೇಳಿ ಮೇಡಂ, ಮನೆ ಯಾವಾಗ ಖಾಲಿ ಮಾಡ್ತೀರಿ ಎನ್ನುತ್ತಾರೆ. ನಾನು ಅವರನ್ನು ಗೇಟಿನ ಆಚೆಗೆ ಕರೆದೊಯ್ದು, ಮೆಲ್ಲಗೆ ಮಾತಾಡಿ ಎನ್ನುತ್ತೇನೆ.